ದೇವರನ್ನು ನಂಬದವರು ಅದನ್ನು ಹೇಳಿಕೊಳ್ಳಬೇಕೇ? ಮೌನದಿಂದ ಬಹಿರಂಗ ಮಾತಿನವರೆಗೆ ಇರುವ ದಾರಿಗಳ ಹೋಲಿಕೆ

ನಂಬಿಕೆ ಹೋಗುವುದು ಯಾರೂ ಕೂತು ತೀರ್ಮಾನಿಸಿ ಮಾಡುವ ಕೆಲಸವಲ್ಲ. ಓದಿನಿಂದಲೋ, ಉತ್ತರ ಸಿಗದ ಪ್ರಶ್ನೆಗಳಿಂದಲೋ, ಹತ್ತಿರದವರ ಸಾವಿನಿಂದಲೋ ಅದು ನಿಧಾನವಾಗಿ ಸವೆಯುತ್ತದೆ. ಪ್ರಾರ್ಥನೆ ಬಾಯಲ್ಲಷ್ಟೇ ಉಳಿದಿದೆ ಅನ್ನುವುದು ಒಂದು ದಿನ ನಮಗೇ ಗೊತ್ತಾಗುತ್ತದೆ. ಅದನ್ನು ಇನ್ನೊಬ್ಬರಿಗೆ ಹೇಳುವುದು ಮಾತ್ರ ಪೂರ್ತಿ ನಮ್ಮ ತೀರ್ಮಾನ. ಯಾರಿಗೆ, ಯಾವಾಗ, ಎಷ್ಟು, ಸ್ವಂತ ಹೆಸರಿನಲ್ಲೋ ಮರೆಯಲ್ಲಿ ನಿಂತೋ, ಇದೆಲ್ಲ ನಾವೇ ಆಯ್ದುಕೊಳ್ಳಬೇಕಾದದ್ದು. ಇವೆರಡನ್ನೂ ಒಂದೇ ಎಂದುಕೊಂಡವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಕೆಲವರು ಮನಸ್ಸು ಬದಲಾದ ವಾರದಲ್ಲೇ, ಮನೆಮಂದಿಯೆಲ್ಲ ಸೇರಿರುವಾಗ ಸಾರಿಬಿಟ್ಟು ವರ್ಷಗಟ್ಟಲೆ ಮಾತುಕತೆಯೇ ನಿಂತುಹೋಗುವಂತೆ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಹೇಳಲಾಗದ ತಮ್ಮನ್ನು ಹೇಡಿಗಳೆಂದು ತಾವೇ ಜರೆದುಕೊಂಡು ಒಳಗೊಳಗೇ ಕೊರಗುತ್ತಾರೆ.

ದೇವರು ಇದ್ದಾನೋ ಇಲ್ಲವೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ನಂಬಿಕೆ ಇಲ್ಲ ಅನ್ನುವುದು ನಿಮಗೆ ಖಚಿತವಾಗಿದ್ದರೆ ಮುಂದೇನು ಅನ್ನುವುದಷ್ಟೇ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸುಳ್ಳು ಹೇಳದೆ, ಸಾರಿಕೊಂಡೂ ಹೋಗದೆ, ಕೇಳಿದವರಿಗೆ ನೇರವಾಗಿ ಹೇಳಿ ಬದುಕುವ ದಾರಿಯೇ ಹೆಚ್ಚಿನವರಿಗೆ ಹೊಂದುತ್ತದೆ. ಬಹಿರಂಗವಾಗಿ ಮಾತಾಡುವ ಜನ ಸಮಾಜಕ್ಕೆ ಬೇಕೇ ಬೇಕು. ಆದರೆ ಆ ಭಾರವನ್ನು ಮೊದಲು ಹೊರಬೇಕಾದವರು ಅನ್ನ, ಸೂರು, ಜೀವ ಮೂರೂ ಭದ್ರವಾಗಿರುವವರು.

ಮೊದಲು ಕೇಳಿಕೊಳ್ಳಬೇಕಾದದ್ದು: ಬೆಲೆ ತೆರುವವರು ಯಾರು?

1842ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜಾರ್ಜ್ ಜೇಕಬ್ ಹೋಲಿಯೋಕ್ ಎಂಬ ತರುಣ ಸಮಾಜ ಸುಧಾರಣೆಯ ಬಗ್ಗೆ ಉಪನ್ಯಾಸ ಕೊಟ್ಟರು. ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬರು ಎದ್ದು, ಮನುಷ್ಯರಿಗೆ ನಾವು ಮಾಡಬೇಕಾದ ಕರ್ತವ್ಯ ಹೇಳಿದಿರಿ, ದೇವರಿಗೆ ಮಾಡಬೇಕಾದದ್ದನ್ನು ಹೇಳಲಿಲ್ಲವಲ್ಲ ಎಂದು ಕೇಳಿದರು. ಹೋಲಿಯೋಕ್ ತಮಗನಿಸಿದ್ದನ್ನು ಹೇಳಿದರು. ಆ ಒಂದು ಉತ್ತರಕ್ಕೆ ದೇವನಿಂದೆಯ ಆರೋಪ ಹೊರಿಸಿ ಆರು ತಿಂಗಳ ಸೆರೆವಾಸ ವಿಧಿಸಿದರು. ಅವರು ಸೆರೆಯಲ್ಲಿದ್ದಾಗಲೇ ಪುಟ್ಟ ಮಗಳು ತೀರಿಕೊಂಡಳು. ಹೊರಬಂದ ಹೋಲಿಯೋಕ್ ತಮ್ಮ ಮಾತನ್ನು ಬಿಡಲಿಲ್ಲ. ಸೆಕ್ಯುಲರಿಸಂ ಎಂಬ ಪದವನ್ನು 1851ರಲ್ಲಿ ಬಳಕೆಗೆ ತಂದವರೂ ಅವರೇ. ಇವತ್ತು ನಾವು ಅವರನ್ನು ಗೌರವದಿಂದ ನೆನೆಯುತ್ತೇವೆ. ಆದರೆ ಆ ಆರು ತಿಂಗಳ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ಹೊರಗಿದ್ದ ಹೆಂಡತಿ ತೆತ್ತರು, ಮಗು ತೆತ್ತಿತು.

ಆದ್ದರಿಂದ ಯಾವ ದಾರಿಯನ್ನೇ ತೂಗಿದರೂ ಎರಡು ಲೆಕ್ಕ ಬೇರೆಬೇರೆ ಇಡಬೇಕು. ನಾನು ಹೇಳಿದರೆ ನನಗೇನಾಗುತ್ತದೆ ಅನ್ನುವುದು ಒಂದು. ನಾನು ಹೇಳಿದರೆ ನನ್ನವರಿಗೆ ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ಬೇಕಾದರೂ ಧೈರ್ಯ ತೋರಬಹುದು. ಎರಡನೆಯದರಲ್ಲಿ ಧೈರ್ಯ ತೋರಲು ನಮಗೆ ಹಕ್ಕಿಲ್ಲ, ಆ ಮನುಷ್ಯರನ್ನೇ ಕೇಳಬೇಕು. ತಂಗಿಯ ಮದುವೆ, ಗಂಡನ ಕೆಲಸ, ಶಾಲೆಯಲ್ಲಿ ಮಗುವನ್ನು ನೋಡುವ ರೀತಿ, ಇವೆಲ್ಲ ನಿಮ್ಮ ಒಂದು ಮಾತಿನಿಂದ ಕದಲುವಂತಿದ್ದರೆ ಅವರಿಗೂ ಈ ತೀರ್ಮಾನದಲ್ಲಿ ಪಾಲಿದೆ.

ಕಾನೂನಿನ ಲೆಕ್ಕ ಇದರ ಜೊತೆಗೇ ಬರುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ವಿಚಾರ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಕೊಡುತ್ತದೆ. ಈ ಸ್ವಾತಂತ್ರ್ಯದಲ್ಲಿ ನಾಸ್ತಿಕ ನಿಲುವೂ ಸೇರುತ್ತದೆ, ಯಾವ ನಂಬಿಕೆಯನ್ನೂ ಹೊಂದದಿರುವ ಹಕ್ಕೂ ಸೇರುತ್ತದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರ ಒಂದು ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿತು. ಯಾರೂ ತಮ್ಮ ನಂಬಿಕೆಯನ್ನು ಹೊರಗೆಡಹುವಂತೆ ಒತ್ತಾಯಿಸುವ ಹಾಗಿಲ್ಲ ಎಂದೂ ಅದೇ ಟಿಪ್ಪಣಿಯಲ್ಲಿದೆ. ಅಂದರೆ ಮಾತಾಡುವುದೂ ಹಕ್ಕು, ಸುಮ್ಮನಿರುವುದೂ ಹಕ್ಕು. ತಾವು ಸುಮ್ಮನಿದ್ದುದಕ್ಕೆ ನಾಚಿಕೊಳ್ಳುವವರು ಈ ಎರಡನೇ ಭಾಗವನ್ನು ನೆನಪಿಡಲಿ.

ಕಾಗದದ ಮೇಲಿನ ಈ ಹಕ್ಕು ನೆಲದ ಮೇಲೆ ಎಲ್ಲ ಕಡೆ ಒಂದೇ ತರ ಇಲ್ಲ. ಐರ್ಲೆಂಡಿನ ಜನ 2018ರಲ್ಲಿ ಮತ ಹಾಕಿ ದೇವನಿಂದೆಯ ಅಪರಾಧವನ್ನು ತಮ್ಮ ಸಂವಿಧಾನದಿಂದ ತೆಗೆದರು. ಸೌದಿ ಅರೇಬಿಯಾ 2014ರಲ್ಲಿ ನಾಸ್ತಿಕತೆಯನ್ನು ಭಯೋತ್ಪಾದನೆಯ ಪಟ್ಟಿಗೆ ಸೇರಿಸಿತು. ಇಂಡೊನೇಷ್ಯಾದಲ್ಲಿ ಅಲೆಕ್ಸಾಂಡರ್ ಆನ್ ಎಂಬ ಸರ್ಕಾರಿ ನೌಕರ ಫೇಸ್‌ಬುಕ್ ಬರಹಗಳಿಗಾಗಿ 2012ರಲ್ಲಿ ಎರಡೂವರೆ ವರ್ಷದ ಶಿಕ್ಷೆಗೆ ಗುರಿಯಾದರು. ನೈಜೀರಿಯಾದ ಮುಬಾರಕ್ ಬಾಲಾ 2020ರಲ್ಲಿ ಬಂಧನಕ್ಕೊಳಗಾಗಿ, 2022ರಲ್ಲಿ 24 ವರ್ಷಗಳ ಶಿಕ್ಷೆ ಪಡೆದು, ಅದು ಮೇಲ್ಮನವಿಯಲ್ಲಿ ಕಡಿಮೆಯಾದ ಮೇಲೆ 2025ರ ಜನವರಿಯಲ್ಲಿ ಹೊರಬಂದರು. ಭಾರತದಲ್ಲಿ ನಂಬದಿರುವುದು ಅಪರಾಧವಲ್ಲ. ಆದರೆ ಧಾರ್ಮಿಕ ಭಾವನೆಗೆ ಬೇಕೆಂದೇ, ದುರುದ್ದೇಶದಿಂದ ಧಕ್ಕೆ ತರುವುದನ್ನು ಶಿಕ್ಷಿಸುವ ಕಲಮು 1927ರಿಂದ ಇದೆ. ಹಳೆಯ ದಂಡ ಸಂಹಿತೆಯಲ್ಲಿ 295ಎ ಆಗಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. ನೀವಿರುವ ದೇಶದ ಕಾನೂನಷ್ಟೇ ಅಲ್ಲ, ಕೆಲಸಕ್ಕೋ ಓದಿಗೋ ಹೋಗಬೇಕೆಂದಿರುವ ದೇಶದ ಕಾನೂನನ್ನೂ ನೋಡಿಕೊಳ್ಳಿ. ಬರೆದದ್ದು ನಿಮಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ.

ಪೂರ್ತಿ ಮೌನ

ಫ್ರಾನ್ಸಿನ ಎಟ್ರೆಪಿನ್ಯಿ ಎಂಬ ಹಳ್ಳಿಯಲ್ಲಿ ಜಾನ್ ಮೆಲಿಯೆ ಸುಮಾರು ನಲವತ್ತು ವರ್ಷ ಪಾದ್ರಿಯಾಗಿದ್ದರು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಎಲ್ಲವನ್ನೂ ಮಾಡಿಸಿದರು. 1729ರಲ್ಲಿ ಅವರು ತೀರಿಕೊಂಡಾಗ ಸಿಕ್ಕ ಹಸ್ತಪ್ರತಿಯಲ್ಲಿ ದೇವರಿಲ್ಲ, ಧರ್ಮವೆಂಬುದು ಬಡವರನ್ನು ತುಳಿಯುವ ಸಾಧನ ಎಂಬ ಉದ್ದನೆಯ ವಾದವಿತ್ತು. ಬದುಕಿದ್ದಾಗ ಹೇಳಿದ್ದರೆ ಜೀವ ಉಳಿಯುವುದು ಕಷ್ಟವಿತ್ತು. ಹಾಗಾಗಿ ಅವರ ಮೌನವನ್ನು ನಾನು ತಪ್ಪೆನ್ನಲಾರೆ. ಆದರೆ ಮುಂದೆ ಆದದ್ದನ್ನು ನೋಡಿ. 1762ರಲ್ಲಿ ವೋಲ್ಟೇರ್ ಆ ಹಸ್ತಪ್ರತಿಯ ಸಾರವನ್ನು ಅಚ್ಚು ಹಾಕಿಸಿದಾಗ ಮೆಲಿಯೆಯ ನಾಸ್ತಿಕತೆಯನ್ನು ತೆಗೆದು, ಅವರನ್ನು ದೇವರನ್ನು ಒಪ್ಪುವ ಚಿಂತಕರಂತೆ ತೋರಿಸಿದರು. ಪೂರ್ತಿ ಪಠ್ಯ ಅಚ್ಚಾದದ್ದು 1864ರಲ್ಲಿ. ಬದುಕಿದ್ದಾಗ ಹೇಳದೆ ಬಿಟ್ಟದ್ದನ್ನು ಸತ್ತ ಮೇಲೆ ಬೇರೆಯವರು ತಮಗೆ ಬೇಕಾದಂತೆ ಹೇಳಿದರು.

ಮೌನದಿಂದಾಗುವ ಒಳಿತು ಸಣ್ಣದಲ್ಲ. ಓದು ಮುಗಿಯದ, ತಂದೆತಾಯಿಯ ದುಡ್ಡಿನಲ್ಲಿರುವ ಹದಿನೇಳರ ಹುಡುಗಿಗೆ ಅದು ರಕ್ಷಣೆ. ಹೊಡೆಯುವ ಗಂಡನ ಮನೆಯಲ್ಲಿರುವವಳಿಗೂ ಹಾಗೆಯೇ. ಸಾವಿನ ಹಾಸಿಗೆಯಲ್ಲಿರುವ ಅಜ್ಜಿಯ ಮುಂದೆ ನಿಮ್ಮ ತತ್ತ್ವವನ್ನು ಬಿಚ್ಚಿಡುವ ಅಗತ್ಯವೇ ಇಲ್ಲ. ಹಂಗಿನಲ್ಲಿರುವ ವಯಸ್ಸಿನಲ್ಲಿ ಹೇಳಿದರೆ ಏನಾಗಬಹುದು ಅನ್ನುವುದಕ್ಕೆ ಮುಂದೆ ಇಂಗ್ಲೆಂಡಿನ ಹೆಸರಾಂತ ನಾಸ್ತಿಕ ನಾಯಕರಾದ ಚಾರ್ಲ್ಸ್ ಬ್ರಾಡ್ಲಾ ಅವರ ಬದುಕು ಸಾಕ್ಷಿ. ಬೈಬಲ್ ಬಗ್ಗೆ ಪ್ರಶ್ನೆ ಎತ್ತಿದ್ದಕ್ಕೆ ಹರೆಯದಲ್ಲೇ ಮನೆ ಬಿಡಬೇಕಾಗಿ ಬಂತು. ವಿಚಾರವಾದಿಗಳ ಒಂದು ಕುಟುಂಬ ಆಶ್ರಯ ಕೊಟ್ಟದ್ದರಿಂದ ಅವರು ಉಳಿದುಕೊಂಡರು. ಅಂಥ ಬಾಗಿಲೊಂದು ನಿಮಗಾಗಿ ತೆರೆದಿದೆಯೇ ಎಂದು ಮೊದಲೇ ತಿಳಿದುಕೊಳ್ಳದೆ ಮನೆಯ ಬಾಗಿಲನ್ನು ಮುಚ್ಚಿಸಿಕೊಳ್ಳಬೇಡಿ.

ಆದರೆ ಮೌನವೂ ಪುಕ್ಕಟೆಯಲ್ಲ. ನನ್ನಂಥವರು ಬೇರೆ ಯಾರೂ ಇಲ್ಲ ಅನ್ನುವ ಭಾವನೆ ಅದರಿಂದಲೇ ಹುಟ್ಟುತ್ತದೆ, ಮತ್ತು ಅದು ನಿಜವಲ್ಲ. 2020ರ ಹೊತ್ತಿಗೆ ಪ್ರಪಂಚದಲ್ಲಿ ಯಾವ ಧರ್ಮದೊಂದಿಗೂ ಗುರುತಿಸಿಕೊಳ್ಳದವರು ಸುಮಾರು 190 ಕೋಟಿ ಎಂದು ಪ್ಯೂ ಸಂಶೋಧನಾ ಕೇಂದ್ರ ಅಂದಾಜಿಸಿದೆ. ಇವರೆಲ್ಲರೂ ನಾಸ್ತಿಕರಲ್ಲ, ಆದರೂ ನಾಲ್ವರಲ್ಲಿ ಒಬ್ಬರ ಹತ್ತಿರ ಹತ್ತಿರ ಆಯಿತು. ಹೇಳಿಕೊಳ್ಳದವರ ಸಂಖ್ಯೆಯನ್ನು ಅಳೆಯುವ ಪ್ರಯತ್ನವೂ ನಡೆದಿದೆ. ಯಾರೂ ನೇರವಾಗಿ ಒಪ್ಪಿಕೊಳ್ಳಬೇಕಾಗದಂತೆ ಪ್ರಶ್ನೆ ಜೋಡಿಸಿ ಅಮೆರಿಕದಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇವರನ್ನು ನಂಬದವರು ಶೇಕಡ 26ರ ಸುಮಾರು ಇರಬಹುದೆಂಬ ಅಂದಾಜು ಬಂತು. ನೇರ ಸಮೀಕ್ಷೆಗಳಲ್ಲಿ ಸಿಗುತ್ತಿದ್ದ ಸಂಖ್ಯೆಗಿಂತ ಇದು ಎಷ್ಟೋ ಹೆಚ್ಚು. ಅಂದಾಜು ಆಚೀಚೆ ಆಗಬಹುದು. ಆದರೂ ನಿಮ್ಮ ಪಕ್ಕದಲ್ಲಿ ತಲೆಬಾಗಿ ನಿಂತವರಲ್ಲೂ ನಿಮ್ಮಂಥವರು ಇದ್ದಾರೆ ಅನ್ನಲು ಇಷ್ಟು ಸಾಕು.

ಮೌನವನ್ನು ಆಯ್ದುಕೊಳ್ಳುವವರಿಗೆ ಎರಡು ಮಾತು. ಸುಮ್ಮನಿರುವುದೂ ನಟಿಸುವುದೂ ಬೇರೆಬೇರೆ. ಎಲ್ಲರ ಜೊತೆ ಎದ್ದು ನಿಲ್ಲುವುದು ಮೌನ. ತಾನೇ ಮುಂದೆ ನಿಂತು ಪ್ರಾರ್ಥನೆ ಹೇಳಿಕೊಡುವುದು, ನಂಬಿಕೆ ಸಡಿಲಾದ ಇನ್ನೊಬ್ಬರನ್ನು ಗದರುವುದು ನಟನೆ. ಮೊದಲನೆಯದನ್ನು ವರ್ಷಗಟ್ಟಲೆ ತಾಳಿಕೊಳ್ಳಬಹುದು. ಎರಡನೆಯದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಇನ್ನೊಂದು, ಮೌನಕ್ಕೆ ಒಂದು ಗಡಿ ಇರಲಿ. ಓದು ಮುಗಿಯುವವರೆಗೆ, ಕೆಲಸ ಸಿಗುವವರೆಗೆ, ಬೇರೆ ಮನೆ ಮಾಡುವವರೆಗೆ ಎಂದಿದ್ದರೆ ಅದು ಹೊರಲಾಗದ ಹೊರೆಯಾಗುವುದಿಲ್ಲ.

ಆಪ್ತರಿಗೆ ಮಾತ್ರ

ಚಾರ್ಲ್ಸ್ ಡಾರ್ವಿನ್ ಎಮ್ಮಾ ಅವರನ್ನು ಮದುವೆಯಾಗುವ ಮುಂಚೆ ಡಾರ್ವಿನ್ ಅವರ ತಂದೆ ಒಂದು ಬುದ್ಧಿಮಾತು ಹೇಳಿದ್ದರು: ಧರ್ಮದ ಬಗ್ಗೆ ಇರುವ ಸಂಶಯಗಳನ್ನು ಹೆಂಡತಿಯಿಂದ ಮುಚ್ಚಿಡು. ಡಾರ್ವಿನ್ ಹಾಗೆ ಮಾಡಲಿಲ್ಲ. 1838ರಲ್ಲಿ, ಮದುವೆಗೆ ಮೊದಲೇ, ಎಮ್ಮಾಗೆ ಹೇಳಿದರು. ಎಮ್ಮಾಗೆ ನೋವಾಯಿತು, ಸತ್ತ ಮೇಲೂ ಜೊತೆಯಾಗಿರುತ್ತೇವೆಂದು ನಂಬಿದ್ದವರು ಅವರು. ಆದರೂ ಮದುವೆಯಾದರು, ಸಂಶಯಗಳ ಬಗ್ಗೆ ಕಾಗದ ಬರೆದು ಚರ್ಚಿಸಿದರು, ನಲವತ್ತು ವರ್ಷಕ್ಕೂ ಹೆಚ್ಚು ಒಟ್ಟಿಗೆ ಬಾಳಿದರು. ಹೊರಜಗತ್ತಿನ ವಿಷಯಕ್ಕೆ ಬಂದಾಗ ಮಾತ್ರ ಡಾರ್ವಿನ್ ಬಹಳ ಹಿಂಜರಿದರು. 1880ರಲ್ಲಿ ಎಡ್ವರ್ಡ್ ಏವ್ಲಿಂಗ್ ಎಂಬ ನಾಸ್ತಿಕ ಲೇಖಕರು ತಮ್ಮ ಪುಸ್ತಕವನ್ನು ಅರ್ಪಿಸಲು ಅನುಮತಿ ಕೇಳಿದಾಗ ಬೇಡವೆಂದರು. ಧರ್ಮದ ಮೇಲಿನ ನೇರ ವಾದಗಳಿಂದ ಜನರ ಮನಸ್ಸು ಅಷ್ಟಾಗಿ ಬದಲಾಗುವುದಿಲ್ಲ, ವಿಜ್ಞಾನ ಬೆಳೆದಂತೆ ತಿಳಿವು ನಿಧಾನವಾಗಿ ಹರಡುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಮನೆಯ ಕೆಲವರಿಗೆ ಆಗಬಹುದಾದ ನೋವೂ ತನ್ನನ್ನು ತಡೆದಿರಬಹುದು ಎಂದು ಅದೇ ಕಾಗದದಲ್ಲಿ ಒಪ್ಪಿಕೊಂಡರು. ಅವರ ಆತ್ಮಕಥೆ 1887ರಲ್ಲಿ ಹೊರಬಂದಾಗ ಧರ್ಮದ ಬಗೆಗಿನ ಹಲವು ಸಾಲುಗಳು ಇರಲಿಲ್ಲ, ಕುಟುಂಬದವರೇ ತೆಗೆದಿದ್ದರು. ಮೊಮ್ಮಗಳು ನೋರಾ ಬಾರ್ಲೊ 1958ರಲ್ಲಿ ಅವನ್ನು ಮತ್ತೆ ಸೇರಿಸಿ ಪ್ರಕಟಿಸಿದರು.

ಈ ಕ್ರಮ ನನಗೆ ಸರಿಯೆನಿಸುತ್ತದೆ. ಲೋಕಕ್ಕೆ ಹೇಳುವುದು ನಿಮ್ಮ ಇಷ್ಟ. ಜೊತೆಯಲ್ಲಿ ಬಾಳಬೇಕಾದವರಿಗೆ ಹೇಳುವುದು ಋಣ. ಮದುವೆಯಾಗಲಿರುವವರಿಗೆ ಮದುವೆಗೆ ಮೊದಲೇ ಗೊತ್ತಾಗಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಮಗು ಹುಟ್ಟಿದ ಮೇಲೆ ಹೆಸರಿಡುವುದರಿಂದ ಹಿಡಿದು ಯಾವ ಶಾಲೆಗೆ ಕಳಿಸುವುದು, ಸಾವಿನ ಬಗ್ಗೆ ಕೇಳಿದಾಗ ಏನು ಹೇಳುವುದು ಎಂಬವರೆಗೆ ಪ್ರತಿ ತಿರುವಿನಲ್ಲೂ ಈ ವಿಷಯ ಎದುರಾಗುತ್ತದೆ. ಆಗ ಮೊದಲ ಸಲ ಗೊತ್ತಾದರೆ ಇನ್ನೊಬ್ಬರಿಗೆ ಕಾಣುವುದು ನಿಮ್ಮ ನಾಸ್ತಿಕತೆಗಿಂತ ನೀವು ಇಷ್ಟು ದಿನ ಮುಚ್ಚಿಟ್ಟದ್ದು.

ತಂದೆತಾಯಿಗೆ ಹೇಳುವಾಗ ಹೊತ್ತು ನೋಡಬೇಕು. ಹಬ್ಬದ ದಿನ, ಸಾವಿನ ಮನೆಯಲ್ಲಿ, ಜಗಳದ ನಡುವೆ ಬೇಡ. ಇಬ್ಬರಲ್ಲಿ ಯಾರ ಮನಸ್ಸು ಮೆತ್ತಗೋ ಅವರಿಗೆ ಮೊದಲು ಹೇಳಿ. "ದೇವರಿಲ್ಲ" ಎಂದು ಶುರು ಮಾಡಿದರೆ ವಾದಕ್ಕೆ ಕರೆದಂತಾಗುತ್ತದೆ. "ಅಮ್ಮ, ನನಗೆ ನಂಬಲು ಆಗುತ್ತಿಲ್ಲ, ನಿನಗೆ ಸುಳ್ಳು ಹೇಳುವ ಮನಸ್ಸಿಲ್ಲ" ಎಂದರೆ ನಿಮ್ಮ ಬಗ್ಗೆ ಮಾತಾಡಿದಂತಾಗುತ್ತದೆ, ಅವರ ನಂಬಿಕೆಯ ಮೇಲೆ ಕೈ ಹಾಕಿದಂತಾಗುವುದಿಲ್ಲ. ಎಷ್ಟೋ ತಂದೆತಾಯಿಗೆ ಹೆದರಿಕೆ ಇರುವುದು ದೇವರ ವಿಷಯದಲ್ಲಲ್ಲ. ಮಗ ದಾರಿ ತಪ್ಪುತ್ತಾನೇನೋ, ಮಗಳು ನಮ್ಮಿಂದ ದೂರವಾಗುತ್ತಾಳೇನೋ, ನಾವು ಸಾಕಿದ್ದರಲ್ಲೇ ಏನೋ ತಪ್ಪಾಯಿತೇನೋ ಎಂಬುದೇ ಅವರ ದುಗುಡ. ಅದಕ್ಕೆ ಉತ್ತರ ವಾದದಲ್ಲಿಲ್ಲ. ಮುಂದಿನ ವಾರವೂ ಫೋನ್ ಮಾಡುವುದರಲ್ಲಿದೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದರಲ್ಲಿದೆ. ಮೊದಲ ದಿನ ಅವರು ಆಡಿದ ಮಾತನ್ನು ಕೊನೆಯ ಮಾತೆಂದು ತಿಳಿಯಬೇಡಿ. ನಿಮಗೆ ಈ ಜಾಗಕ್ಕೆ ಬರಲು ವರ್ಷಗಳು ಹಿಡಿದವು, ಅವರಿಗೆ ಒಂದು ಸಂಜೆಯಲ್ಲಿ ಹೇಳಿದ್ದೀರಿ.

ಈ ದಾರಿಯ ಕೊರತೆ ಎಂದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಒಬ್ಬರಿಗೆ ಹೇಳಿದ್ದು ಮೂರನೆಯವರಿಗೆ ತಲುಪುತ್ತದೆ. ಹೊರಗೆ ಬಂದರೆ ತಡೆದುಕೊಳ್ಳಬಲ್ಲೆ ಅನ್ನುವ ಸ್ಥಿತಿ ಬಂದ ಮೇಲೆಯೇ ಇದಕ್ಕೆ ಕೈ ಹಾಕಿ.

ಕೇಳಿದರೆ ಹೇಳುವುದು, ಇಲ್ಲದಿದ್ದರೆ ಬದುಕುವುದು

ಇದೇ ನಾನು ಮೆಚ್ಚುವ ದಾರಿ. ಸಾರುವುದಿಲ್ಲ, ಅಡಗಿಸುವುದೂ ಇಲ್ಲ. ಅರ್ಜಿಯಲ್ಲಿ ಧರ್ಮದ ಕಾಲಂ ಖಾಲಿ ಬಿಡಲು ಅವಕಾಶವಿದ್ದರೆ ಬಿಡುತ್ತೀರಿ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ ದೇವರ ಹೆಸರಿನ ಬದಲು ಆತ್ಮಸಾಕ್ಷಿಯ ಮೇಲೆ ಪ್ರಮಾಣ ಮಾಡುತ್ತೀರಿ. ಗೆಳೆಯರ ಮನೆಯ ಪ್ರಾರ್ಥನೆಗೆ ಕರೆದರೆ ಹೋಗಿ ಕೂರುತ್ತೀರಿ, ಕೈ ಮುಗಿಯುವುದಿಲ್ಲ. ಯಾಕೆಂದು ಕೇಳಿದರೆ ಒಂದೇ ಸಾಲಿನಲ್ಲಿ ಹೇಳಿ ಊಟದ ಮಾತಿಗೆ ಬರುತ್ತೀರಿ.

ಇದು ಸಾಧ್ಯವಾಗಿರುವುದು ಬೇರೆಯವರು ಬಹಿರಂಗವಾಗಿ ಹೋರಾಡಿದ್ದರಿಂದ. ಮೇಲೆ ಹೇಳಿದ ಅದೇ ಬ್ರಾಡ್ಲಾ 1880ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಬದಲು ಬರಿಯ ದೃಢೀಕರಣ ಹೇಳಲು ಬಿಡಿ ಎಂದರು, ಬಿಡಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಎಂದರು. ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಅದಕ್ಕೂ ಒಪ್ಪಲಿಲ್ಲ. ನಾರ್ಥಾಂಪ್ಟನ್‌ನ ಮತದಾರರು ಅವರನ್ನು ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದರು. 1886ರಲ್ಲಿ ಕೊನೆಗೂ ಆಸನ ಸಿಕ್ಕಿತು, 1888ರಲ್ಲಿ ದೃಢೀಕರಣದ ಹಕ್ಕು ಎಲ್ಲರಿಗೂ ಸಿಗುವ ಕಾನೂನನ್ನು ಅವರೇ ಮುಂದೆ ನಿಂತು ಮಾಡಿಸಿದರು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರಾಯ್ ಟಾರ್ಕಾಸೊ ದೇವರಿದ್ದಾನೆಂದು ಘೋಷಿಸಲು ಒಪ್ಪದ್ದರಿಂದ ನೋಟರಿ ಹುದ್ದೆ ಕೈತಪ್ಪಿತು. ಅಂಥ ಷರತ್ತು ಹಾಕುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1961ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. ಭಾರತದಲ್ಲಿ 1969ರ ಪ್ರಮಾಣಗಳ ಕಾಯ್ದೆ ದೃಢೀಕರಣಕ್ಕೆ ಅವಕಾಶ ಕೊಡುತ್ತದೆ, 1954ರ ವಿಶೇಷ ವಿವಾಹ ಕಾಯ್ದೆಯಡಿ ಯಾವ ಧಾರ್ಮಿಕ ವಿಧಿಯೂ ಇಲ್ಲದೆ ಮದುವೆಯಾಗಬಹುದು. ಈ ಅವಕಾಶಗಳನ್ನು ಬಳಸುವುದೇ ಒಂದು ಮಾತು. ಬಳಸುವವರಿಲ್ಲದಿದ್ದರೆ ಗುಮಾಸ್ತರಿಗೂ ಅಂಥದ್ದೊಂದು ಇದೆ ಅನ್ನುವುದು ಮರೆತುಹೋಗುತ್ತದೆ.

ಈ ದಾರಿಯಲ್ಲಿ ಅತಿ ಕಷ್ಟದ ತಿರುವು ಸಾವು. ಜವಾಹರಲಾಲ್ ನೆಹರು 1954ರಲ್ಲಿ ಬರೆದ ಉಯಿಲಿನಲ್ಲಿ ತಮಗೆ ಯಾವ ಧಾರ್ಮಿಕ ವಿಧಿಯೂ ಬೇಡ, ಅಂಥ ವಿಧಿಗಳಲ್ಲಿ ತಮಗೆ ನಂಬಿಕೆಯಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. 1964ರಲ್ಲಿ ಅವರ ಅಂತ್ಯಕ್ರಿಯೆ ಮಂತ್ರಘೋಷದೊಂದಿಗೇ ನಡೆಯಿತು. ಒಬ್ಬ ಪ್ರಧಾನಿಯ ಲಿಖಿತ ಇಚ್ಛೆಗೆ ಹೀಗಾದರೆ ನಮ್ಮ ಬಾಯಿಮಾತು ಎಷ್ಟರದ್ದು? ನಿಮಗೆ ಇದು ಮುಖ್ಯವಾದರೆ ಬರೆದಿಡಿ, ಅದನ್ನು ನಡೆಸಿಕೊಡುವ ಗಟ್ಟಿ ಮನಸ್ಸಿನ ಒಬ್ಬರಿಗೆ ಮೊದಲೇ ತಿಳಿಸಿ, ಬೇರೆಯವರ ಎದುರಿಗೂ ಒಮ್ಮೆ ಹೇಳಿ. ದೇಹದಾನ ಮಾಡುವುದಿದ್ದರೆ ನೋಂದಣಿ ಮಾಡಿಸಿ ಮನೆಯವರ ಒಪ್ಪಿಗೆ ಪಡೆದಿಡಿ. ಇನ್ನೊಂದು ಯೋಚನೆಯೂ ನನಗಿದೆ: ಸಂಸ್ಕಾರ ನಡೆಯುವುದು ಉಳಿದವರಿಗಾಗಿ. ಅಳುತ್ತಿರುವ ಹೆಂಡತಿಗೆ ಒಂದು ಪ್ರಾರ್ಥನೆಯಿಂದ ಸಮಾಧಾನ ಸಿಗುವುದಾದರೆ ಅದನ್ನು ನಿಷೇಧಿಸಿ ಹೋಗಬೇಕೇ? ನಾನಾದರೆ ವಿಧಿ ಬೇಡವೆಂದು ಬರೆದು, ಅವಳಿಗೆ ಬೇಕಾದದ್ದನ್ನು ಅವಳು ಮಾಡಿಕೊಳ್ಳಲಿ ಎಂದೂ ಬರೆಯುತ್ತೇನೆ.

ಮಕ್ಕಳ ವಿಷಯದಲ್ಲೂ ಇದೇ ಸೌಮ್ಯ ಹಾದಿ ಒಳ್ಳೆಯದು. ದೇವರಿದ್ದಾನೆಯೇ ಎಂದು ಮಗು ಕೇಳಿದರೆ "ನಾನು ನಂಬುವುದಿಲ್ಲ, ಅಜ್ಜಿ ನಂಬುತ್ತಾರೆ, ನೀನು ದೊಡ್ಡವಳಾಗಿ ಯೋಚಿಸು" ಎಂದರೆ ಸಾಕು. ಅಜ್ಜಿಯನ್ನು ಮೂಢಳೆಂದು ಮಗುವಿಗೆ ಕಲಿಸಬೇಡಿ. ಹಾಗೆ ಕಲಿತ ಮಗು ಯೋಚಿಸುವುದನ್ನು ಕಲಿತಿರುವುದಿಲ್ಲ, ಅಪ್ಪನ ಪಕ್ಷ ಸೇರಿರುತ್ತದೆ ಅಷ್ಟೆ.

ಮರೆಹೆಸರಿನಲ್ಲಿ ಬರೆಯುವುದು

ಹೇಳಬೇಕೆಂಬ ತುಡಿತವಿದೆ, ಹೇಳುವ ಭದ್ರತೆಯಿಲ್ಲ ಅನ್ನುವವರು ಇದನ್ನು ಆಯ್ದುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಇದನ್ನು ಕೋಟೆಯೆಂದು ನಂಬಬೇಡಿ. 1811ರಲ್ಲಿ ಕವಿ ಶೆಲ್ಲಿ ಮತ್ತು ಗೆಳೆಯ ಥಾಮಸ್ ಹಾಗ್ ನಾಸ್ತಿಕ ಕಿರುಹೊತ್ತಗೆಯೊಂದನ್ನು ಹೆಸರು ಹಾಕದೆ ಅಚ್ಚು ಹಾಕಿಸಿದರು. ಬರೆದವರು ನೀವೇ ಏನು ಎಂಬ ಪ್ರಶ್ನೆಗೆ ಉತ್ತರಿಸಲು ಒಪ್ಪದಿದ್ದಾಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಇಬ್ಬರನ್ನೂ ಹೊರಹಾಕಿತು. ಇವತ್ತು ಹಿಡಿಯುವುದು ಇನ್ನೂ ಸುಲಭ. ಖಾತೆಗೆ ಜೋಡಿಸಿದ ಫೋನ್ ನಂಬರು, ಫೋಟೊದ ಹಿನ್ನೆಲೆ, ನೀವು ಮಾತ್ರ ಹೇಳುವ ಒಂದು ಘಟನೆ, ನಿಮ್ಮದೇ ವಾಕ್ಯದ ಧಾಟಿ, ಯಾವುದಾದರೂ ಒಂದು ಗುರುತು ಬಿಟ್ಟುಕೊಡುತ್ತದೆ. ಹೆಸರು ಬಯಲಾದರೆ ಜೀವಕ್ಕೆ ಅಪಾಯವಿರುವ ಕಡೆ ಈ ದಾರಿಯನ್ನು ನಾನು ಸೂಚಿಸಲಾರೆ. ಬಯಲಾದರೆ ಬರಿಯ ಮುಜುಗರ ಅನ್ನುವ ಕಡೆ ಧಾರಾಳವಾಗಿ ಬರೆಯಿರಿ. ಮತ್ತೊಂದು ಮಾತು, ಹೆಸರಿಲ್ಲದಿದ್ದಾಗ ನಾಲಿಗೆ ಹರಿತವಾಗುತ್ತದೆ. ಸ್ವಂತ ಹೆಸರಿನಲ್ಲಿ ಹೇಳಲು ಹಿಂಜರಿಯುವಂಥ ಬೈಗುಳವನ್ನು ಮರೆಹೆಸರಿನಲ್ಲೂ ಬರೆಯದಿದ್ದರೆ ಮುಂದೆ ಒಂದು ದಿನ ಅದನ್ನು ನಿಮ್ಮದೆಂದು ಒಪ್ಪಿಕೊಳ್ಳಬಹುದು.

ಸ್ವಂತ ಹೆಸರಿನಲ್ಲಿ, ಎಲ್ಲರೆದುರು

ಇದರೊಳಗೇ ಮೂರು ಬೇರೆಬೇರೆ ಕೆಲಸಗಳಿವೆ, ಅವನ್ನು ಕಲಸಿಕೊಳ್ಳುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. ನಾನು ನಂಬುವುದಿಲ್ಲ ಎಂದು ಹೇಳಿಕೊಳ್ಳುವುದು ಒಂದು. ನಂಬಿಕೆಯೇ ತಪ್ಪು ಎಂದು ವಾದಿಸುವುದು ಇನ್ನೊಂದು. ನಂಬಿಕೆಯ ಹೆಸರಿನಲ್ಲಿ ನಡೆಯುವ ಮೋಸ, ಹಿಂಸೆಗಳ ವಿರುದ್ಧ ಹೋರಾಡುವುದು ಮೂರನೆಯದು. ಮೂರನೆಯದಕ್ಕೆ ನಾಸ್ತಿಕರಾಗಿರಲೇಬೇಕೆಂದಿಲ್ಲ; ನಂಬುವವರೂ ಜೊತೆಗೆ ಬರುತ್ತಾರೆ. ಆದರೆ ಹೊಟ್ಟೆಪಾಡಿಗೆ ಪೆಟ್ಟು ಬೀಳುವ ಜನ ಇರುವುದರಿಂದ ಅಪಾಯ ಅಲ್ಲೇ ಹೆಚ್ಚು. ನರೇಂದ್ರ ದಾಭೋಲ್ಕರ್ ದೇವರ ಮೇಲಿನ ಭಕ್ತಿಗೆ ತಮ್ಮ ವಿರೋಧವಿಲ್ಲ, ಮೂಢನಂಬಿಕೆಯ ಹೆಸರಿನ ಸುಲಿಗೆಗೆ ವಿರೋಧ ಎನ್ನುತ್ತಲೇ ದಶಕಗಳ ಕಾಲ ದುಡಿದರು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ನಡೆದುಹೋಗುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಅವರು ಬಹುಕಾಲ ಬೇಡಿದ್ದ ಮೂಢನಂಬಿಕೆ ವಿರೋಧಿ ಕಾನೂನು ಮಹಾರಾಷ್ಟ್ರದಲ್ಲಿ ಅದೇ ವರ್ಷ ಬಂತು. 2015ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಲೇಖಕ ಅವಿಜಿತ್ ರಾಯ್ ಅವರನ್ನು ಕಡಿದು ಕೊಂದಾಗ ಜೊತೆಯಲ್ಲಿದ್ದ ಹೆಂಡತಿಗೂ ತೀವ್ರ ಗಾಯಗಳಾದವು. ಇಂಥದ್ದನ್ನು ಬಲ್ಲವರು ಯಾರೂ ಇನ್ನೊಬ್ಬರಿಗೆ "ನೀನೇಕೆ ಬಹಿರಂಗವಾಗಿ ಹೇಳುವುದಿಲ್ಲ" ಎಂದು ಹಂಗಿಸಬಾರದು.

ಹಾಗಾದರೆ ಯಾರಾದರೂ ಯಾಕೆ ಹೇಳಬೇಕು? ಹೇಳುವುದರಿಂದ ಕಾಲ ಬದಲಾಗುತ್ತದೆ ಅನ್ನುವುದಕ್ಕೆ ಆಧಾರವಿದೆ. ಯೋಗ್ಯತೆ ಇರುವ ನಾಸ್ತಿಕರೊಬ್ಬರು ಅಧ್ಯಕ್ಷ ಹುದ್ದೆಗೆ ನಿಂತರೆ ಮತ ಹಾಕುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಅಮೆರಿಕದವರನ್ನು ಕೇಳಿದಾಗ ಹೌದೆಂದವರು ಶೇಕಡ 18. 2019ರಲ್ಲಿ ಕೇಳಿದಾಗ ಶೇಕಡ 60. ಅನುಮಾನ ಇನ್ನೂ ಅಳಿದಿಲ್ಲ. 13 ದೇಶಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಘೋರ ಕೃತ್ಯ ಮಾಡಿದವನು ನಾಸ್ತಿಕನೇ ಇರಬೇಕೆಂದು ಊಹಿಸುವ ಒಲವು ಕಂಡುಬಂತು. ನಾಸ್ತಿಕರಲ್ಲೂ ಆ ಒಲವಿತ್ತು. ಇದನ್ನು ಓದಿದಾಗ ನನಗೆ ಬೇಸರವಾಯಿತು, ಆದರೆ ಮಾತಾಡುವುದು ಏಕೆ ಬೇಕು ಅನ್ನುವುದೂ ಅಲ್ಲೇ ಸ್ಪಷ್ಟವಾಯಿತು. ದೇವರಿಗೆ ಹೆದರದವನು ಯಾವುದಕ್ಕೂ ಹೇಸುವುದಿಲ್ಲ ಎಂಬ ಊಹೆ ಪುಸ್ತಕದ ವಾದಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ತಮಗೆ ಔಷಧಿ ಕೊಡುವ ವೈದ್ಯೆ, ಮಗುವಿಗೆ ಲೆಕ್ಕ ಕಲಿಸುವ ಮೇಷ್ಟ್ರು ನಂಬದವರು ಎಂದು ಗೊತ್ತಾದಾಗ ಅದು ಅಲುಗಾಡುತ್ತದೆ.

ಬಹಿರಂಗವಾಗಿ ಹೇಳಬೇಕೆಂದಿರುವವರು ಆಂಧ್ರದ ಗೋರಾ ಅವರ ಬದುಕನ್ನು ನೋಡಲಿ. ನಾಸ್ತಿಕ ವಿಚಾರಗಳಿಗಾಗಿ ಅವರು ಕಾಲೇಜಿನ ಅಧ್ಯಾಪಕ ಕೆಲಸ ಕಳೆದುಕೊಂಡರು. 1940ರಲ್ಲಿ ಹೆಂಡತಿ ಸರಸ್ವತಿ ಅವರೊಂದಿಗೆ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು, ಮುಂದೆ ಅದು ವಿಜಯವಾಡಕ್ಕೆ ಬಂತು. ಅಲ್ಲಿನ ಕೆಲಸ ಬರಿಯ ವಾದವಾಗಿರಲಿಲ್ಲ. ಅಸ್ಪೃಶ್ಯತೆಯ ವಿರುದ್ಧ, ಜಾತಿ ಮೀರಿದ ಮದುವೆಗಳ ಪರವಾಗಿ ದುಡಿದರು. ದೇವರನ್ನು ಬಲವಾಗಿ ನಂಬಿದ್ದ ಗಾಂಧಿಯ ಜೊತೆ ಕೂತು ಮಾತಾಡಿದರು, ಅವರ ಆಶ್ರಮದಲ್ಲಿ ಉಳಿದರು. ಮನೆಯವರೆಲ್ಲ ಜೊತೆಗಿದ್ದದ್ದು, ಜನ ಕಣ್ಣಾರೆ ಕಾಣುವಂಥ ಕೆಲಸವಿದ್ದದ್ದು, ಎದುರಾಳಿಯೊಂದಿಗೆ ಗೆಳೆತನ ಉಳಿಸಿಕೊಂಡದ್ದು, ಈ ಮೂರೂ ಇದ್ದುದರಿಂದ ಅವರ ಮಾತಿಗೆ ತೂಕ ಬಂತು ಎಂದು ನನಗನಿಸುತ್ತದೆ.

ಗಾಯವಾಗುವ ಇನ್ನೊಂದು ಜಾಗದ ಬಗ್ಗೆಯೂ ತಿಳಿದಿರಿ. ಬಹಿರಂಗವಾಗಿ ಹೇಳಿದವರಿಗೆ ಅಹಂಕಾರಿ ಎಂಬ ಪಟ್ಟ ತಪ್ಪದೆ ಬರುತ್ತದೆ. ಭಗತ್ ಸಿಂಗ್ ಅವರಿಗೂ ಬಂತು. 1930ರಲ್ಲಿ ಲಾಹೋರಿನ ಸೆರೆಮನೆಯಲ್ಲಿ, ಗಲ್ಲಿಗೇರುವ ಕೆಲವು ತಿಂಗಳ ಮುಂಚೆ, ತಮ್ಮ ನಾಸ್ತಿಕತೆ ಜಂಬದಿಂದ ಬಂದದ್ದಲ್ಲ ಎಂದು ವಿವರಿಸಿ ಲೇಖನವನ್ನೇ ಬರೆದರು. ನಿಮಗೂ ಈ ಮಾತು ಬಂದಾಗ ಸಿಟ್ಟಾಗುವ ಮುಂಚೆ ಒಮ್ಮೆ ಒಳಗೆ ನೋಡಿಕೊಳ್ಳಿ. ನಂಬುವವರ ಮುಂದೆ ತಾನು ಜಾಣ ಎಂದು ತೋರಿಸಿಕೊಳ್ಳುವ ಆಸೆಯೇ ಮುಖ್ಯವಾಗಿದ್ದರೆ ಬಹಿರಂಗ ಮಾತು ಇನ್ನೂ ಸ್ವಲ್ಪ ಕಾಯಲಿ.

ತೂಗುವಾಗ

ಹಂಗಿನಲ್ಲಿದ್ದೀರಿ, ಹೊಡೆತದ ಭಯವಿದೆ, ಅಥವಾ ಕಾನೂನೇ ವಿರುದ್ಧವಿದೆ ಎಂದರೆ ಮೌನವೇ ಸರಿ. ಜೊತೆಗೆ ನಂಬಬಹುದಾದ ಒಬ್ಬರಾದರೂ ಸಿಗಲಿ. ಮದುವೆ ಹತ್ತಿರವಿದ್ದರೆ ಆ ಒಬ್ಬರಿಗೆ ಈಗಲೇ ಹೇಳಿ. ಸ್ವಂತ ದುಡಿಮೆಯಿದೆ, ಮನೆಯವರಿಗೆ ಗೊತ್ತಿದೆ ಅನ್ನುವವರಿಗೆ ಕೇಳಿದರೆ ಹೇಳುವ ದಾರಿ ಸಲೀಸು. ಕೆಲಸ ಗಟ್ಟಿಯಾಗಿದೆ, ಮನೆಯವರು ಜೊತೆಗಿದ್ದಾರೆ, ಇರುವ ಜಾಗ ಸುರಕ್ಷಿತ, ಹೇಳಿದ ಮಾತು ಹಲವರಿಗೆ ಆಸರೆಯಾಗುತ್ತದೆ ಎಂದಿದ್ದರೆ ಬಾಯಿ ಬಿಡಿ. ಇಷ್ಟೆಲ್ಲ ಇದ್ದೂ ನೀವು ಸುಮ್ಮನಿದ್ದರೆ ಇದಾವುದೂ ಇಲ್ಲದವರು ಹೇಳಬೇಕಾಗುತ್ತದೆ. ಒಮ್ಮೆ ಆಯ್ದದ್ದೇ ಕೊನೆಯಲ್ಲ. ಕೆಲಸ ಬದಲಾದಾಗ, ಮಗು ಹುಟ್ಟಿದಾಗ, ಊರು ಬಿಟ್ಟಾಗ ಮತ್ತೆ ತೂಗಿ. ಮೌನದಿಂದ ಮಾತಿಗೆ ಯಾವಾಗ ಬೇಕಾದರೂ ಬರಬಹುದು, ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಆಗುವುದಿಲ್ಲ. ಅನುಮಾನವಿದ್ದಾಗ ಕಾಯುವುದಕ್ಕೆ ಇದೇ ಕಾರಣ ಸಾಕು.

ನೀವು ಬಹಿರಂಗವಾದ ಮೇಲೆ ಬೇರೆಯವರು ನಿಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ "ನನಗೂ ಹಾಗೆಯೇ" ಎನ್ನುತ್ತಾರೆ. ಅದು ಅವರ ವಿಷಯ, ಯಾರಿಗೆ ಹೇಳಬೇಕೆಂದು ತೀರ್ಮಾನಿಸುವವರೂ ಅವರೇ. ಸಭೆಯ ಗುಂಪು ಫೋಟೊ ಹಾಕುವ ಮುನ್ನ, ಯಾರನ್ನಾದರೂ ಹೆಸರು ಹಿಡಿದು ಕರೆಯುವ ಮುನ್ನ, ಅವರ ಕಥೆಯನ್ನು ಹೆಸರಿಲ್ಲದೆ ಬರೆಯುವ ಮುನ್ನವೂ ಅವರನ್ನು ಕೇಳಿ. ಬೇಡವೆಂದರೆ ಕಾರಣ ಕೇಳದೆ ಬಿಟ್ಟುಬಿಡಿ.